ಮೇಣ, ಸ್ಪ್ರೇ, ಸೆರಾಮಿಕ್: ಕಡುನೀಲಿ ಕಾರೊಂದರ ಬಣ್ಣ ಕಾಯ್ದ ಬಗೆ

2023ರ ಜನವರಿಯಲ್ಲಿ ದಕ್ಷಿಣ ಬೆಂಗಳೂರಿನ ಒಂದು ಡೀಟೇಲಿಂಗ್ ಸ್ಟುಡಿಯೋದಲ್ಲಿ (ಕಾರಿನ ಮೈಯನ್ನು ಶುಚಿಮಾಡಿ ಮೆರುಗು ಕೊಡುವ ಅಂಗಡಿ) 24,000 ರೂಪಾಯಿ ಕೊಟ್ಟು ನನ್ನ ಕಡುನೀಲಿ ಹ್ಯಾಚ್‌ಬ್ಯಾಕ್ ಕಾರಿಗೆ ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಗಟ್ಟಿಯಾಗಿ ಕೂರುವ ಸಿಲಿಕಾದ ತೆಳು ರಕ್ಷಣಾ ಪದರ, ಮಾಡಿಸಿದೆ. ಅದಕ್ಕೆ ಮೊದಲಿನ ಎರಡು ವರ್ಷಗಳಲ್ಲಿ ಡಬ್ಬಿಯ ಕಾರ್ನೌಬಾ ಮೇಣವನ್ನೂ, ಆಮೇಲೆ ಬಾಟಲಿಯಲ್ಲಿ ಬರುವ ಸೆರಾಮಿಕ್ ಸ್ಪ್ರೇಯನ್ನೂ ಕೈಯಾರೆ ಹಚ್ಚಿ ನೋಡಿದ್ದೆ. ಕೋಟಿಂಗ್‌ಗೆ ಈಗ ಎರಡೂವರೆ ವರ್ಷ ತುಂಬಿದೆ. ಮೂರೂ ಬಗೆಯ ರಕ್ಷಣೆಯನ್ನು ಒಂದೇ ಕಾರಿನ ಮೇಲೆ ಪ್ರಯೋಗಿಸಿ, ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲೂ ಉಡುಪಿ ಕಡೆಯ ನಮ್ಮ ಮನೆಯ ಬಾವಿನೀರಿನಲ್ಲೂ ತೊಳೆದು ನೋಡಿದ ಮೇಲೆ, ಯಾವುದಕ್ಕೆ ಹಣ ಕೊಡಬಹುದು, ಯಾವುದಕ್ಕೆ ಕೊಡಬೇಕಾಗಿಲ್ಲ ಎಂಬುದರ ಬಗ್ಗೆ ನನಗೊಂದು ಖಚಿತವಾದ ಅಭಿಪ್ರಾಯ ಮೂಡಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಟುಡಿಯೋಗೆ ಕೊಡುವ ಹಣದ ಹೆಚ್ಚಿನ ಪಾಲು ಕೋಟಿಂಗ್ ಹಚ್ಚುವುದಕ್ಕೆ ಮೊದಲು ನಡೆಯುವ ಪಾಲಿಷ್ ಕೆಲಸಕ್ಕೆ ಸಲ್ಲುತ್ತದೆ, ಸಲ್ಲಲೂ ಬೇಕು; ಆ ಕೆಲಸ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಮಾತ್ರ ಆಮೇಲೆ ಕಾರನ್ನು ಮುಟ್ಟುವ ಬಟ್ಟೆ ಮತ್ತು ನೀರು ತೀರ್ಮಾನಿಸುತ್ತವೆ.

2019ರ ದಸರೆಯ ಹೊತ್ತಿಗೆ ಕಾರು ಮನೆಗೆ ಬಂದಾಗ ಬಣ್ಣದ ವಿಚಾರದಲ್ಲಿ ನನಗೆ ಯಾವ ತಿಳಿವಳಿಕೆಯೂ ಇರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಮಾಡುವಂತೆ ನಾನೂ ತಿಂಗಳ ಸಂಬಳದ ಮೇಲೆ ಕಾರು ಒರೆಸುವವರೊಬ್ಬರನ್ನು ಗೊತ್ತುಮಾಡಿಕೊಂಡೆ. ಬೆಳಗಿನ ಐದೂವರೆಯಿಂದ ಏಳರೊಳಗೆ ಅವರು ಹದಿನೈದು ಕಾರುಗಳನ್ನು ಮುಗಿಸಬೇಕು, ಸಿಗುವ ನೀರು ಎರಡು ಬಕೆಟ್. ಮೊದಲ ಕಾರಿನ ಚಕ್ರದ ಮಣ್ಣನ್ನು ತೆಗೆದ ಬಟ್ಟೆಯನ್ನೇ ಅದೇ ಬಕೆಟ್ಟಿನಲ್ಲಿ ಅದ್ದಿ ಹಿಂಡಿ ಹತ್ತನೆಯ ಕಾರಿನ ಬಾನೆಟ್ಟಿನ ಮೇಲೆ ಎಳೆಯಲೇಬೇಕಾದ ಪರಿಸ್ಥಿತಿ ಅವರದು. ಅಷ್ಟು ಕಡಿಮೆ ಹಣಕ್ಕೆ, ಅಷ್ಟು ಕಡಿಮೆ ನೀರಿನಲ್ಲಿ, ಅಷ್ಟು ಅವಸರದಲ್ಲಿ ಯಾರೇ ಮಾಡಿದರೂ ಹಾಗೆಯೇ ಆಗುತ್ತದೆ. ಆದ್ದರಿಂದ ಅವರನ್ನು ದೂರುವುದು ಸರಿಯಲ್ಲ. ಒಂದೂವರೆ ವರ್ಷದ ನಂತರ ಒಂದು ರಾತ್ರಿ ನೆಲಮಾಳಿಗೆಯಲ್ಲಿ ಬಿದ್ದ ಕೀಲಿಯನ್ನು ಹುಡುಕುತ್ತ ಮೊಬೈಲಿನ ಟಾರ್ಚ್ ಹಾಕಿದಾಗ, ಬಾನೆಟ್ಟಿನ ಮೇಲೆ ಬೆಳಕಿನ ಬಿಂಬದ ಸುತ್ತ ಜೇಡರ ಬಲೆಯಂತೆ ನೂರಾರು ಸಣ್ಣ ಗೀರುಗಳು ಕಂಡವು. ವಾಸ್ತವದಲ್ಲಿ ಆ ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಬೆಳಕಿಗೆ ಅಡ್ಡಲಾಗಿ ಇರುವವಷ್ಟೇ ಮಿನುಗುವುದರಿಂದ ಅವು ವೃತ್ತಾಕಾರವಾಗಿ ತೋರುತ್ತವೆ. ಡೀಟೇಲಿಂಗ್ ಮಾಡುವವರು ಇದನ್ನು ಸ್ವರ್ಲ್ ಎಂದು ಕರೆಯುತ್ತಾರೆ. ಬಿಳಿ ಮತ್ತು ಬೆಳ್ಳಿ ಬಣ್ಣದ ಕಾರುಗಳಲ್ಲಿ ಇದು ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ, ಕಪ್ಪು ಮತ್ತು ಕಡುನೀಲಿಯಲ್ಲಿ ಮುಚ್ಚಿಡಲು ಸಾಧ್ಯವೇ ಇಲ್ಲ.

ಈ ಗೀರುಗಳು ಎಲ್ಲಿ ಬಿದ್ದಿವೆ ಎಂಬುದು ತಿಳಿದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಉಕ್ಕಿನ ತಗಡಿಗೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ ಕೊಡುವ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಇವೆಲ್ಲ ಸೇರಿ ನಮ್ಮ ರಸ್ತೆಗಳ ಸಾಮಾನ್ಯ ಕಾರುಗಳಲ್ಲಿ ಸುಮಾರು 100ರಿಂದ 130 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ಹಾಳೆ ಜೆರಾಕ್ಸ್ ಕಾಗದದ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್ ಮಾತ್ರ. ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದು ಈ ತೆಳು ಪದರವೇ, ಮೆರುಗು ಕೊಡುವುದೂ ಇದೇ. ಗೀರು ಹೋಗಲಾಡಿಸುವುದೆಂದರೆ ಗೀರಿನೊಳಗೆ ಏನನ್ನೋ ತುಂಬುವುದು ಎಂದು ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ಪಾಲಿಷ್ ಯಂತ್ರ ಮಾಡುವ ಕೆಲಸ ಬೇರೆ: ಗೀರಿನ ತಳದ ಮಟ್ಟಕ್ಕೆ ಇಳಿಯುವವರೆಗೂ ಸುತ್ತಲಿನ ಕ್ಲಿಯರ್ ಕೋಟನ್ನು ಅದು ಸವೆಸುತ್ತದೆ. ಪ್ರತಿ ಪಾಲಿಷ್‌ನಲ್ಲೂ ನಾವು ಮರಳಿ ಪಡೆಯಲಾಗದ ಒಂದಿಷ್ಟು ಬಂಡವಾಳವನ್ನು ಖರ್ಚು ಮಾಡುತ್ತಿರುತ್ತೇವೆ. ವರ್ಷಕ್ಕೊಮ್ಮೆ ಸರ್ವಿಸ್ ಸೆಂಟರುಗಳಲ್ಲಿ ರಬ್ಬಿಂಗ್, ಅಂದರೆ ಇಂತಹ ಪಾಲಿಷ್, ಮಾಡಿಸುವ ರೂಢಿ ನನಗೆ ಆತಂಕ ಹುಟ್ಟಿಸುವುದು ಈ ಕಾರಣಕ್ಕೆ.

ಹೊಸ ಕಾರಿನೊಂದಿಗೆ ಶೋರೂಮಿನವರು ಒತ್ತಾಯದಿಂದ ಸೇರಿಸಿದ ಟೆಫ್ಲಾನ್ ಕೋಟಿಂಗ್ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಟೆಫ್ಲಾನ್ ಎಂದು ಕರೆಯುವ ಪಾಲಿಮರ್ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಾಣಲೆಯ ಮೇಲೆ ಅದನ್ನು ಕೂರಿಸುವುದು ಅಂತಹ ಶಾಖದಲ್ಲಿ ಬೇಯಿಸಿ. ಕೋಣೆಯ ತಾಪಮಾನದಲ್ಲಿ ಸ್ಪಂಜಿನಿಂದ ಹಚ್ಚಿ ಒರೆಸಿದ ಪೇಸ್ಟಿನಲ್ಲಿ ಅದರ ಕಣಗಳಿದ್ದರೂ ಬಣ್ಣಕ್ಕೆ ಬೆಸೆದು ಕೂರುವ ದಾರಿಯಿಲ್ಲ. ನನ್ನ ಕಾರಿನ ಮೇಲೆ ಆ ಹೊಳಪು ಮೂರನೆಯ ತೊಳೆತವನ್ನು ದಾಟಲಿಲ್ಲ.

ಗೀರುಗಳನ್ನು ಕಂಡ ಮೇಲೆ ನಾನು ಮೊದಲು ಕೊಂಡದ್ದು ಮೆಗ್ವಾಯರ್ಸ್ ಗೋಲ್ಡ್ ಕ್ಲಾಸ್ ಕಾರ್ನೌಬಾ ಪ್ಲಸ್ ಎಂಬ 311 ಗ್ರಾಮಿನ ಮೇಣದ ಡಬ್ಬಿ. 1901ರಲ್ಲಿ ಪೀಠೋಪಕರಣಗಳ ಪಾಲಿಷ್ ತಯಾರಿಕೆಯಿಂದ ಆರಂಭವಾದ ಈ ಅಮೆರಿಕದ ಕಂಪನಿ 2008ರಿಂದ 3ಎಂ ಸಂಸ್ಥೆಯ ಪಾಲಾಗಿದೆ. ಕಾರ್ನೌಬಾ ಎಂಬುದು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರ. ಒಣಹವೆಯಲ್ಲಿ ತನ್ನೊಳಗಿನ ನೀರನ್ನು ಉಳಿಸಿಕೊಳ್ಳಲು ಅದು ಎಲೆಯ ಮೇಲೆ ಮೇಣ ಸ್ರವಿಸುತ್ತದೆ, ಕೊಯ್ದ ಎಲೆಯನ್ನು ಒಣಗಿಸಿ ಬಡಿದಾಗ ಅದು ಉದುರುತ್ತದೆ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗಿದರೆ ಇದು ಕರಗುವುದು 82ರಿಂದ 86 ಡಿಗ್ರಿಯಲ್ಲಿ, ಗಡಸುತನವೂ ಹೆಚ್ಚು. ಶುದ್ಧ ರೂಪದಲ್ಲಿ ಕಲ್ಲಿನಂತೆ ಗಟ್ಟಿಯಾಗಿರುವುದರಿಂದ ಡಬ್ಬಿಯೊಳಗೆ ದ್ರಾವಕ, ಎಣ್ಣೆ, ಬೇರೆ ಮೇಣ ಮತ್ತು ಪಾಲಿಮರುಗಳ ಜೊತೆ ಬೆರೆಸಿಯೇ ಕೊಡುತ್ತಾರೆ.

ಮೇಣ ಹಚ್ಚುವ ಕೆಲಸವೇ ನನಗೆ ಪ್ರಿಯವಾಯಿತು ಎಂದು ಹೇಳಬೇಕು. ಭಾನುವಾರ ಬೆಳಿಗ್ಗೆ ಏಳರೊಳಗೆ ಕಾರು ತೊಳೆದು, ಜೇಡಿಮಣ್ಣಿನ ಉಂಡೆಯಂತಿರುವ ಕ್ಲೇ ಬಾರಿನಿಂದ ಬಣ್ಣಕ್ಕೆ ಕಚ್ಚಿಕೊಂಡ ಕಣಗಳನ್ನು ತೆಗೆದು, ನೆರಳಿನಲ್ಲಿ ಒಂದೊಂದೇ ಭಾಗಕ್ಕೆ ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು ತೆಳುವಾಗಿ ಹಚ್ಚಿ, ಮಂಜು ಮುಸುಕಿದಂತೆ ಆದ ಮೇಲೆ ಒರೆಸಬೇಕು. ದಪ್ಪಗೆ ಹಚ್ಚಿದರೆ ಹೆಚ್ಚು ಲಾಭವೇನೂ ಇಲ್ಲ, ಒರೆಸುವ ಶ್ರಮ ಮಾತ್ರ ಇಮ್ಮಡಿಯಾಗುತ್ತದೆ. ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಮೇಣ ತಗುಲಿದರೆ ಬಿಳಿಯ ಕಲೆ ಉಳಿಯುತ್ತದೆ, ಆದ್ದರಿಂದ ಅಲ್ಲಿ ಮೊದಲೇ ಕಾಗದದ ಟೇಪ್ ಅಂಟಿಸಿಕೊಳ್ಳುವುದು ಒಳ್ಳೆಯದು. ಕಡುನೀಲಿಯ ಮೇಲೆ ಮೇಣ ತರುವ ಆಳ, ಬಾವಿಯೊಳಗೆ ಇಣುಕಿದಂತಹ ಆ ತಂಪು, ಮುಂದೆ ಸೆರಾಮಿಕ್‌ನಲ್ಲೂ ನನಗೆ ಸಿಗಲಿಲ್ಲ. ಸೆರಾಮಿಕ್‌ನದು ಗಾಜಿನ ಹೊಳಪು. ಇದು ರುಚಿಯ ಮಾತು, ಇತರರು ಒಪ್ಪದಿರಬಹುದು. ಬಾಳಿಕೆಯ ವಿಚಾರದಲ್ಲಿ ಮಾತ್ರ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಬಯಲಿನಲ್ಲಿ ನಿಲ್ಲುವ ಕಾರಿನ ಮೇಲೆ ಬೆಂಗಳೂರಿನಲ್ಲಿ ಮೇಣ ಸುಮಾರು ಆರು ವಾರ ನೀರನ್ನು ಹನಿಗಟ್ಟಿಸುತ್ತಿತ್ತು. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಉಡುಪಿಗೆ ಜುಲೈ ತಿಂಗಳಲ್ಲಿ ಶಿರಾಡಿ ಘಾಟಿಯ ಮೂಲಕ ಹೋಗಿ ಬಂದರೆ ಮೂರೇ ವಾರಕ್ಕೆ ಅದರ ಸುಳಿವೂ ಉಳಿಯುತ್ತಿರಲಿಲ್ಲ. ಯಾವ ಮೇಣದ ಗತಿಯೂ ಇಷ್ಟೇ, ಅದರ ಸ್ವಭಾವವೇ ತಾನು ಸವೆದು ಕೆಳಗಿನದನ್ನು ಕಾಯುವುದು.

ಆರು ವಾರಕ್ಕೊಮ್ಮೆ ಅರ್ಧ ದಿನ ಬಿಡುವು ಮಾಡಿಕೊಳ್ಳುವುದು ಕಷ್ಟವಾದ್ದರಿಂದ ಸ್ಪ್ರೇಗೆ ಬಂದೆ. ಟರ್ಟಲ್ ವ್ಯಾಕ್ಸ್, ಮೆಗ್ವಾಯರ್ಸ್ ಮೊದಲಾದ ಹಲವು ಕಂಪನಿಗಳು ಸಿಲಿಕಾ ಆಧಾರಿತ ಸ್ಪ್ರೇಗಳನ್ನು ಮಾರುತ್ತವೆ. ತೊಳೆದು ಒಣಗಿಸಿದ ಬಣ್ಣದ ಮೇಲೆ ಸಿಂಪಡಿಸಿ ಒಂದು ಬಟ್ಟೆಯಿಂದ ಹರಡಿ ಇನ್ನೊಂದರಿಂದ ಒರೆಸಿದರೆ ಮುಗಿಯಿತು, ಇಡೀ ಕಾರಿಗೆ ನಲವತ್ತು ನಿಮಿಷ ಸಾಕು. ಪ್ಲಾಸ್ಟಿಕ್ ಮೇಲೂ ಕಲೆ ಉಳಿಸುವುದಿಲ್ಲ. ನನ್ನ ಅನುಭವದಲ್ಲಿ ಇಂತಹ ಸ್ಪ್ರೇ ನಾಲ್ಕರಿಂದ ಐದು ತಿಂಗಳು ಚೆನ್ನಾಗಿ ಕೆಲಸ ಮಾಡಿತು. 1,500 ರೂಪಾಯಿಯ ಆಸುಪಾಸಿನ ಒಂದು ಬಾಟಲಿ ಐದಾರು ಸಲಕ್ಕೆ ಬಂದಿತು. ಹೆಸರಿನಲ್ಲಿ ಸೆರಾಮಿಕ್ ಇದ್ದ ಮಾತ್ರಕ್ಕೆ ಇದನ್ನು ಸ್ಟುಡಿಯೋದ ಕೋಟಿಂಗ್ ಜೊತೆ ಹೋಲಿಸಬಾರದು, ಹೋಲಿಕೆ ಮಾಡುವುದಾದರೆ ಮೇಣದ ಜೊತೆ. ಆ ಹೋಲಿಕೆಯಲ್ಲಿ ನೋಟದ ಹೊರತು ಉಳಿದ ಎಲ್ಲದರಲ್ಲೂ ಸ್ಪ್ರೇ ಮುಂದಿದೆ. ಕೈಯಾರೆ ಏನಾದರೂ ಹಚ್ಚಲು ಸಿದ್ಧರಿರುವ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ.

ನೀರಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಬೆಂಗಳೂರಿನಲ್ಲಿ ಬಣ್ಣ ಕೆಡಿಸುವ ಕಾರಣಗಳಲ್ಲಿ ಗೀರಿನ ನಂತರದ ಸ್ಥಾನ ಅದರದು. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರಿನ ಟಿಡಿಎಸ್ ಅನ್ನು, ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಒಟ್ಟು ಲವಣಾದಿಗಳ ಮಿಲಿಗ್ರಾಂ ಲೆಕ್ಕವನ್ನು, ಒಂದು ಅಗ್ಗದ ಮೀಟರಿನಿಂದ ಅಳೆದಾಗ 900ರ ಮೇಲೆ ತೋರಿಸಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಒಪ್ಪುವ ಮಟ್ಟ ಲೀಟರಿಗೆ 500 ಮಿಲಿಗ್ರಾಂ. ಊರಿನಲ್ಲಿ ಕೆಂಪುಕಲ್ಲಿನ ಪದರದಲ್ಲಿ ತೋಡಿದ ನಮ್ಮ ಬಾವಿಯ ನೀರು ಅದೇ ಮೀಟರಿನಲ್ಲಿ 60ರ ಸುತ್ತ ನಿಂತಿತು. ಬೋರ್‌ವೆಲ್ ನೀರು ಒಂದು ಲೀಟರಿನಷ್ಟು ಕಾರಿನ ಮೇಲೆ ಒಣಗಿದರೆ ಸುಮಾರು ಒಂದು ಗ್ರಾಂ ಸುಣ್ಣ, ಮೆಗ್ನೀಷಿಯಂ ಮೊದಲಾದ ಲವಣಗಳು ಅಲ್ಲೇ ಉಳಿಯುತ್ತವೆ. ಬಾವಿನೀರಿನಲ್ಲಿ ತೊಳೆದು ತೆಂಗಿನ ಮರದ ನೆರಳಿನಲ್ಲಿ ಹಾಗೇ ಬಿಟ್ಟರೂ ಕಲೆಯಾಗದ ಕಾರು, ಬೆಂಗಳೂರಿನ ಬಿಸಿಲಿನಲ್ಲಿ ಹತ್ತು ನಿಮಿಷ ಒಣಗಿದರೆ ಸಾಕು, ಬಿಳಿಯ ಉಂಗುರಗಳನ್ನು ಹೊತ್ತು ನಿಲ್ಲುತ್ತದೆ. ಒಂದೆರಡು ದಿನದ ಕಲೆಯಾದರೆ ನೀರು ಬೆರೆಸಿ ತೆಳುವಾಗಿಸಿದ ವಿನೆಗರಿನಲ್ಲಿ ಹೋಗುತ್ತದೆ. ವಾರಗಟ್ಟಲೆ ಬಿಸಿಲಿನಲ್ಲಿ ಕಾದದ್ದು ಕ್ಲಿಯರ್ ಕೋಟನ್ನೇ ಕೊರೆದಿರುತ್ತದೆ, ಆಗ ಪಾಲಿಷ್ ಹೊರತು ಬೇರೆ ದಾರಿಯಿಲ್ಲ.

ಕೋಟಿಂಗ್ ಮಾಡಿಸಿದರೆ ಈ ತೊಂದರೆ ತಪ್ಪುತ್ತದೆ ಎಂಬುದು ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ನಾನು ಕಂಡದ್ದು ಇದಕ್ಕೆ ವಿರುದ್ಧ. ನೀರನ್ನು ದೂರ ತಳ್ಳುವ ಮೇಲ್ಮೈಯಲ್ಲಿ ಹನಿ ಹರಡದೆ ಎತ್ತರವಾಗಿ ಗುಂಡಗೆ ನಿಲ್ಲುತ್ತದೆ. ಅದು ಒಣಗುತ್ತ ಬಂದಂತೆ ಅದರೊಳಗಿನ ಲವಣವೆಲ್ಲ ಸಣ್ಣ ಜಾಗದಲ್ಲಿ ಸಾಂದ್ರವಾಗಿ ಉಳಿಯುವುದರಿಂದ ಕಲೆ ಇನ್ನಷ್ಟು ಸ್ಪಷ್ಟವಾಗಿ ಮೂಡುತ್ತದೆ. ತೊಳೆದ ಕೂಡಲೇ ಒಣಗಿಸುವ ಶಿಸ್ತು ಇಲ್ಲದವರ ಕೋಟಿಂಗ್ ಕಾರು ಕೋಟಿಂಗ್ ಇಲ್ಲದ ಕಾರಿಗಿಂತ ಬೇಗ ಮಚ್ಚೆಗಟ್ಟುವುದನ್ನು ನಮ್ಮ ನೆಲಮಾಳಿಗೆಯಲ್ಲೇ ನೋಡಿದ್ದೇನೆ.

ಇದಕ್ಕೆ ನಾನು ಕಂಡುಕೊಂಡ ಪರಿಹಾರ ರಿನ್ಸ್‌ಲೆಸ್ ತೊಳೆತ, ಅಂದರೆ ಕೊನೆಗೆ ನೀರು ಸುರಿದು ಜಾಲಿಸಬೇಕಿಲ್ಲದ ತೊಳೆತ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನೂ, ತಪ್ಪು ಮರುಕಳಿಸಿದರೆ ದಿನಕ್ಕೆ 500 ರೂಪಾಯಿಯನ್ನೂ ಗೊತ್ತುಪಡಿಸಿತು. 2025ರ ಫೆಬ್ರವರಿಯಲ್ಲಿ ಆ ಆದೇಶ ಮತ್ತೆ ಬಂದಿತು. ಅಭಾವದ ಆ ಬೇಸಿಗೆಯಿಂದಲೇ ಪೈಪು ಹಿಡಿಯುವುದನ್ನು ಬಿಟ್ಟೆ. ಆಪ್ಟಿಮಮ್ ನೋ ರಿನ್ಸ್ ಎಂಬ ದ್ರವವನ್ನು ಒಂದು ಪಾಲಿಗೆ 256 ಪಾಲು ನೀರಿನಂತೆ, ಅಂದರೆ ಎಂಟು ಲೀಟರಿಗೆ ಸುಮಾರು 30 ಮಿಲಿಲೀಟರ್ ಬೆರೆಸಿ, ಅದರಲ್ಲಿ ಎಂಟು ಮೈಕ್ರೋಫೈಬರ್ ಬಟ್ಟೆಗಳನ್ನು ನೆನೆಸಿಡುತ್ತೇನೆ. ಕಾರಿನ ಒಂದು ಭಾಗಕ್ಕೆ ಅದೇ ದ್ರಾವಣವನ್ನು ಸಿಂಪಡಿಸಿ ಧೂಳು ನೆನೆಯಲು ಬಿಟ್ಟು, ಬಟ್ಟೆಯ ಒಂದು ಮಡಿಕೆಯಿಂದ ಒಂದೇ ದಿಕ್ಕಿಗೆ ಒತ್ತದೆ ಎಳೆದು, ಮಡಿಕೆ ಬದಲಿಸಿ ಮುಂದಿನ ಭಾಗಕ್ಕೆ ಹೋಗುತ್ತೇನೆ. ಕೊಳೆಯಾದ ಬಟ್ಟೆ ಮತ್ತೆ ಬಕೆಟ್ಟಿಗೆ ಇಳಿಯುವುದಿಲ್ಲ, ಈ ವಿಧಾನದ ಜೀವಾಳವೇ ಅದು. ಒದ್ದೆಯಿದ್ದಾಗಲೇ ಒಣಬಟ್ಟೆಯಿಂದ ಒರೆಸುತ್ತ ಹೋಗುವುದರಿಂದ ಲವಣದ ಕಲೆಗೂ ಅವಕಾಶವಿಲ್ಲ. ಸಕಲೇಶಪುರದ ಕೆಸರು ಮೆತ್ತಿದ ಕಾರಿಗೆ ಇದು ಸಲ್ಲದು. ಅದಕ್ಕೆ ಮೊದಲು ಧಾರಾಳವಾಗಿ ನೀರು ಬಿಡಲೇಬೇಕು.

ಇನ್ನು ಸ್ಟುಡಿಯೋದ ಕೆಲಸ. ಕಾರು ಮೂರು ದಿನ ಅಲ್ಲಿತ್ತು, ಮೂರೂ ದಿನ ನಾನು ಹೋಗಿ ಬಂದೆ. ಮೊದಲ ದಿನ ತೊಳೆದು, ಬ್ರೇಕಿನಿಂದ ಹಾರಿ ಬಣ್ಣಕ್ಕೆ ನಾಟಿಕೊಂಡ ಕಬ್ಬಿಣದ ಕಣಗಳನ್ನು ಕರಗಿಸುವ ದ್ರವ ಸಿಂಪಡಿಸಿದರು. ಕಬ್ಬಿಣ ತಗುಲಿದಲ್ಲೆಲ್ಲ ಅದು ನೇರಳೆ ಬಣ್ಣಕ್ಕೆ ತಿರುಗಿ ಹರಿಯುವುದನ್ನು ನೋಡಿದಾಗ ಮೂರು ವರ್ಷ ಎಷ್ಟು ಸೂಜಿಗಳನ್ನು ಹೊತ್ತು ತಿರುಗಿದೆವು ಎಂದು ಬೇಸರವಾಯಿತು. ಬಳಿಕ ಕ್ಲೇ. ಆಮೇಲೆ ದಪ್ಪ ಅಳೆಯುವ ಮೀಟರನ್ನು ಪ್ರತಿ ಭಾಗಕ್ಕೂ ಇಟ್ಟು ಬರೆದುಕೊಂಡರು. ಬಾನೆಟ್ 104ರಿಂದ 112 ಮೈಕ್ರಾನ್, ಛಾವಣಿ ಹೆಚ್ಚುಕಡಿಮೆ ಅಷ್ಟೇ, ಬಲ ಮುಂಭಾಗದ ಫೆಂಡರ್ ಮಾತ್ರ 190ರ ಮೇಲೆ. 2020ರಲ್ಲಿ ಒಂದು ಆಟೋ ತಗುಲಿ ಅದಕ್ಕೆ ಮತ್ತೆ ಬಣ್ಣ ಹೊಡೆಸಿದ್ದೆ, ನಾನು ಹೇಳದೆಯೇ ಮೀಟರ್ ಹೇಳಿತು. ಸ್ಟುಡಿಯೋ ಆರಿಸುವವರು ಮೊದಲು ಕೇಳಬೇಕಾದದ್ದು ಈ ಮೀಟರ್ ಇದೆಯೇ, ಅಂಕಿಗಳನ್ನು ಕೈಗೆ ಕೊಡುತ್ತೀರಾ ಎಂದು. ಕೊಡುವುದಿಲ್ಲ ಎಂದವರ ಕೈಗೆ ಕಾರು ಒಪ್ಪಿಸಬಾರದು.

ಎರಡನೆಯ ದಿನ ಪಾಲಿಷ್. ಹಿರಿಯ ಕೆಲಸಗಾರರು ಮೊದಲು ಬಾನೆಟ್ಟಿನ ಒಂದು ಗೇಣು ಜಾಗದಲ್ಲಿ ಮೃದುವಾದ ಫೋಮ್ ಪ್ಯಾಡ್ ಮತ್ತು ನಯವಾದ ಪಾಲಿಷ್‌ನಿಂದ ಪರೀಕ್ಷೆ ಮಾಡಿದರು. ಗೀರುಗಳು ಅರ್ಧದಷ್ಟು ಮಾತ್ರ ಹೋದವು. ಆಮೇಲೆ ಒಂದು ಹಂತ ಒರಟಾದ ಕಾಂಪೌಂಡ್ (ಸವೆಸುವ ಪೇಸ್ಟ್), ಅದರ ಮೇಲೆ ನಯ ಪಾಲಿಷ್ ಎಂದು ತೀರ್ಮಾನಿಸಿದರು. ಕಡಿಮೆ ಒರಟಿನಿಂದ ಆರಂಭಿಸಿ ಅಗತ್ಯವಿದ್ದಷ್ಟೇ ಏರುವ ಈ ಕ್ರಮವೇ ಸರಿಯಾದದ್ದು. ಎಡ ಹಿಂಬಾಗಿಲಿನಲ್ಲಿ ಉಗುರಿಗೆ ಸಿಗುವಷ್ಟು ಆಳದ ಒಂದು ಗೀರು ಇತ್ತು. ಅದನ್ನು ಪೂರ್ತಿ ತೆಗೆಯಬಹುದೇ ಎಂದಾಗ, ತೆಗೆಯಲು ಹೋದರೆ ಅಲ್ಲಿ ಕ್ಲಿಯರ್ ಕೋಟ್ ಉಳಿಯುವುದಿಲ್ಲ, ಅಂಚುಗಳನ್ನು ಮೃದುಗೊಳಿಸಿ ಬಿಡೋಣ ಎಂದರು. ಗಿರಾಕಿಯನ್ನು ಮೆಚ್ಚಿಸಲು ಆಗುತ್ತದೆ ಎನ್ನಬಹುದಾಗಿದ್ದ ಕಡೆ ಬೇಡ ಎಂದ ಆ ಒಂದು ಮಾತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆ ಸಂಜೆ ಕೋಟಿಂಗ್ ಇನ್ನೂ ಹಚ್ಚಿರಲಿಲ್ಲ; ಆದರೂ ದೀಪದಡಿ ಕಾರು ಕೊಂಡ ದಿನಕ್ಕಿಂತ ಚೆನ್ನಾಗಿ ಕಂಡಿತು. ಸ್ಟುಡಿಯೋಗಳ ಜಾಹೀರಾತಿನಲ್ಲಿ ಕೋಟಿಂಗ್‌ನ ಮಹಿಮೆ ಎಂದು ತೋರಿಸುವ ಹೊಳಪು ಬಹುಪಾಲು ಈ ಹಂತದ್ದು.

ಮೂರನೆಯ ದಿನ ಆಲ್ಕೋಹಾಲ್ ದ್ರಾವಣದಿಂದ ಪಾಲಿಷ್‌ನ ಎಣ್ಣೆಯನ್ನೆಲ್ಲ ಒರೆಸಿ ಕೋಟಿಂಗ್ ಹಚ್ಚಿದರು. 50 ಮಿಲಿಲೀಟರಿನ ಬಾಟಲಿಯಲ್ಲಿ ಒಂದಿಷ್ಟು ಉಳಿದೂ ಇತ್ತು, ಅಷ್ಟು ತೆಳು ಅದು. ಗಟ್ಟಿಯಾದ ಪದರದ ದಪ್ಪ ಹೆಚ್ಚೆಂದರೆ ಒಂದೆರಡು ಮೈಕ್ರಾನ್. ದ್ರಾವಕ ಆರಿದಂತೆ ಉಳಿದ ಸಂಯುಕ್ತಗಳು ಗಾಳಿಯ ತೇವದೊಂದಿಗೆ ವರ್ತಿಸಿ ಸಿಲಿಕಾದ ಬಲೆಯಾಗಿ ಬಣ್ಣಕ್ಕೆ ಬಿಗಿಯುತ್ತವೆ. ಹಚ್ಚಿದ ಮೇಲೆ ಕಾಮನಬಿಲ್ಲಿನ ಛಾಯೆ ಮೂಡುವ ಕ್ಷಣ ನೋಡಿ ಒರೆಸಿ ಸಮಮಾಡಬೇಕು. ತೇವ ಮತ್ತು ಸೆಕೆ ಹೆಚ್ಚಿದ್ದರೆ ಆ ಅವಕಾಶ ಬಹಳ ಕಿರಿದಾಗುತ್ತದೆ, ತಡವಾದರೆ ಒರೆಸದೆ ಉಳಿದ ದ್ರವ ಕಪ್ಪು ಕಪ್ಪಾದ ತೇಪೆಯಂತೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಒಣ ಜನವರಿಯನ್ನು ನಾನು ಆರಿಸಿಕೊಂಡದ್ದು ಇದಕ್ಕಾಗಿ. ಆದರೂ ಎರಡನೆಯ ಬೆಳಿಗ್ಗೆ ಮನೆಯ ಮುಂದೆ ಬಿಸಿಲಿನಲ್ಲಿ ನೋಡಿದಾಗ ಛಾವಣಿಯ ಹಿಂಬದಿಯ ಅಂಚಿನಲ್ಲಿ ಅಂಗೈ ಅಗಲದ ಅಂತಹ ಎರಡು ತೇಪೆಗಳು ಕಂಡವು. ದೂರವಾಣಿಯಲ್ಲಿ ಅದು ತಾನಾಗಿಯೇ ಹೋಗುತ್ತದೆ ಎಂದರು. ಗಟ್ಟಿಯಾದದ್ದು ತಾನಾಗಿ ಹೋಗುವುದಿಲ್ಲ. ಎರಡು ಸಲ ಹೋಗಿ ಕೇಳಿದ ಮೇಲೆ ಆ ಜಾಗವನ್ನು ಮತ್ತೆ ಪಾಲಿಷ್ ಮಾಡಿ ಹೊಸದಾಗಿ ಹಚ್ಚಿಕೊಟ್ಟರು. ಕಾರನ್ನು ಹಗಲಿನ ಬೆಳಕಿನಲ್ಲಿ, ಅಂಗಡಿಯಿಂದ ಹೊರಗೆ ತರಿಸಿ ನೋಡಿಯೇ ಹಣ ಕೊಡಬೇಕಿತ್ತು.

ಬಿಲ್ಲಿನ ಮೇಲೆ 9ಎಚ್ ಗಡಸುತನ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದರು. ಎಂಜಿನಿಯರಿಂಗ್ ಡ್ರಾಯಿಂಗ್ ತರಗತಿಯಲ್ಲಿ 2ಎಚ್, 4ಎಚ್ ಪೆನ್ಸಿಲ್ ಹಿಡಿದವರಿಗೆ ಇದು ಗೊತ್ತಿರುವ ಮಾಪನವೇ. ಬೇರೆಬೇರೆ ಗಡಸುತನದ ಪೆನ್ಸಿಲ್ಲುಗಳನ್ನು ಗೊತ್ತಾದ ಕೋನ ಮತ್ತು ಭಾರದಲ್ಲಿ ಬಣ್ಣದ ಮೇಲೆ ತಳ್ಳಿ, ಯಾವುದಕ್ಕೆ ಗೀರು ಬೀಳುತ್ತದೆ ಎಂದು ನೋಡುವ ಪರೀಕ್ಷೆಯಿಂದ ಬಂದ ಅಂಕಿ ಇದು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ 9 ಎಂದರೆ ಮಾಣಿಕ್ಯ ಮತ್ತು ನೀಲದ ಜಾತಿಯ ಕುರುಂದದ ಕಲ್ಲು. ಎರಡಕ್ಕೂ ಸಂಬಂಧವಿಲ್ಲ, ಆದರೆ ಗಿರಾಕಿಗಳು ಎರಡನ್ನೂ ಒಂದೇ ಎಂದು ಭಾವಿಸುವಂತೆ ಮಾತನಾಡುವುದನ್ನು ಒಂದಕ್ಕಿಂತ ಹೆಚ್ಚು ಕಡೆ ಕೇಳಿದ್ದೇನೆ. ರಸ್ತೆಯ ಧೂಳಿನಲ್ಲಿರುವ ಮರಳು ಮೋಸ್ ಮಾಪನದಲ್ಲಿ 7, ಯಾವ ಪೆನ್ಸಿಲ್ಲಿಗಿಂತಲೂ ಬಹಳ ಗಟ್ಟಿ. ಒಣಧೂಳಿನ ಮೇಲೆ ಬಟ್ಟೆ ಎಳೆದರೆ ಕೋಟಿಂಗ್ ಇದ್ದರೂ ಗೀರು ಬೀಳುತ್ತದೆ. ಕಲ್ಲೇಟಿಗಂತೂ ಅದು ಲೆಕ್ಕಕ್ಕೇ ಇಲ್ಲ, ಹೆದ್ದಾರಿಯ ಕಲ್ಲು ತಡೆಯಬೇಕಾದರೆ 150ರಿಂದ 200 ಮೈಕ್ರಾನ್ ದಪ್ಪದ ಪಿಪಿಎಫ್ ಎಂಬ, ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೇ ಬೇಕು, ಅದರ ಬೆಲೆಯೂ ಹಲವು ಪಟ್ಟು.

ಹಾಗಾದರೆ ಎರಡೂವರೆ ವರ್ಷದಲ್ಲಿ ಕೋಟಿಂಗ್ ಕೊಟ್ಟದ್ದೇನು? ತೊಳೆಯುವ ಸುಲಭ. ಇದು ಸಣ್ಣ ಲಾಭವಲ್ಲ. ಕೊಳೆ ಬಣ್ಣಕ್ಕೆ ಕಚ್ಚಿಕೊಳ್ಳದಿರುವುದರಿಂದ ಬಟ್ಟೆಯನ್ನು ಒತ್ತಬೇಕಾಗಿಲ್ಲ, ಒತ್ತದ ಬಟ್ಟೆ ಕಡಿಮೆ ಗೀರುತ್ತದೆ. ಕಚೇರಿಯ ಹತ್ತಿರ ಬೃಹತ್ತಾದ ಮಳೆಮರಗಳ ಸಾಲಿನ ಕೆಳಗೆ ಕಾರು ನಿಲ್ಲಿಸುತ್ತೇನೆ. ಬೇಸಿಗೆಯಲ್ಲಿ ರಸ ಹೀರುವ ಕೀಟಗಳು ಸುರಿಸುವ ಅಂಟು ಮೇಣದ ಕಾಲದಲ್ಲಿ ಉಗುರಿನಿಂದ ಕೆರೆಯುವಷ್ಟು ಗಟ್ಟಿಯಾಗುತ್ತಿತ್ತು, ಈಗ ನೆನೆಸಿದರೆ ಜಾರುತ್ತದೆ. ಹಕ್ಕಿಯ ಹಿಕ್ಕೆಯ ವಿಚಾರದಲ್ಲಿ ಕೋಟಿಂಗ್ ಕೊಡುವುದು ಕಾಲಾವಕಾಶ ಮಾತ್ರ: ಮೇಣದ ಮೇಲೆ ಒಂದು ಮಧ್ಯಾಹ್ನದ ಬಿಸಿಲಿಗೆ ಗುರುತು ಬೀಳುತ್ತಿತ್ತು, ಈಗ ಸಂಜೆಯೊಳಗೆ ತೆಗೆದರೆ ಉಳಿಯುವುದಿಲ್ಲ. ಒಂದು ವಾರ ಊರಿಗೆ ಹೋಗಿದ್ದಾಗ ಬಾನೆಟ್ಟಿನ ಮೇಲೆ ಬಿದ್ದದ್ದು ಮಾತ್ರ ಕೋಟಿಂಗನ್ನೂ ದಾಟಿ ಕೊರೆಯಿತು.

ಆಯುಧಪೂಜೆಯ ಬಗ್ಗೆ ಒಂದು ಮಾತು. ಮೊದಲ ವರ್ಷ ಗಂಧ, ಕುಂಕುಮ ಹಚ್ಚಿದ ಜಾಗವನ್ನು ಮರುದಿನ ಒಣಬಟ್ಟೆಯಿಂದ ಉಜ್ಜಿ ತೆಗೆದಿದ್ದರಿಂದ ಬಾನೆಟ್ಟಿನ ನಡುವೆ ಗೀರಿನ ಒಂದು ದ್ವೀಪವೇ ಆಗಿತ್ತು. ಹಾರವನ್ನು ಹಿಡಿದಿದ್ದ ಟೇಪಿನ ಅಂಟು ಬೇರೆ. ಈಗ ಪೂಜೆಯ ದಿನಕ್ಕೆ ಮುಂಚೆ ಒಂದು ಪದರ ಸ್ಪ್ರೇ ಹಾಕಿ, ಗಂಧ ಕುಂಕುಮವನ್ನು ನಂಬರ್ ಪ್ಲೇಟ್ ಮತ್ತು ಗಾಜಿನ ಮೇಲೆ ಹಚ್ಚಿ, ಹಾರವನ್ನು ದಾರದಿಂದ ಕಟ್ಟಿ, ಸಂಜೆಯೇ ನೀರು ಚಿಮುಕಿಸಿ ಇಳಿಸಿಬಿಡುತ್ತೇವೆ. ನಮ್ಮ ತಾಯಿ ಇದಕ್ಕೆ ಒಪ್ಪಿದ್ದು ನನಗೆ ಸಮಾಧಾನ ತಂದಿದೆ.

ಮೂರು ವರ್ಷದ ವಾರಂಟಿ ಎಂದು ಕೊಟ್ಟ ಕಾಗದದಲ್ಲಿ ಆರು ತಿಂಗಳಿಗೊಮ್ಮೆ 1,800 ರೂಪಾಯಿ ಕೊಟ್ಟು ಅವರಲ್ಲೇ ಮೇಂಟೆನೆನ್ಸ್ ಮಾಡಿಸಬೇಕೆಂಬ ಷರತ್ತಿತ್ತು. ಎರಡು ಸಲ ಮಾಡಿಸಿದೆ. ಎರಡನೆಯ ಸಲ ಚಕ್ರ ತೊಳೆಯಲು ಬಳಸಿದ ಕೈಗವಸನ್ನೇ ಬಾಗಿಲಿಗೂ ಬಳಸುವುದನ್ನು ಕಣ್ಣಾರೆ ಕಂಡ ಮೇಲೆ ವಾರಂಟಿಯನ್ನು ಬಿಟ್ಟುಕೊಟ್ಟೆ. ಹದಿನಾರನೆಯ ತಿಂಗಳಿನ ಹೊತ್ತಿಗೆ ನೀರು ಮೊದಲಿನಂತೆ ಜಾರದೆ ಹರಡಿ ನಿಲ್ಲತೊಡಗಿದಾಗ ಕೋಟಿಂಗ್ ಸತ್ತಿತೆಂದು ತಿಳಿದಿದ್ದೆ. ಕಬ್ಬಿಣ ತೆಗೆಯುವ ದ್ರವ ಮತ್ತು ಲವಣ ಕರಗಿಸುವ ಆಮ್ಲೀಯ ಶಾಂಪೂವಿನಿಂದ ಒಮ್ಮೆ ತೊಳೆದಾಗ ಮುಕ್ಕಾಲು ಪಾಲು ಗುಣ ಮರಳಿತು. ರಸ್ತೆಯ ಮಸಿ ಮತ್ತು ಲವಣ ಮೇಲೆ ಕುಳಿತು ಅದನ್ನು ಮುಚ್ಚಿದ್ದವು ಅಷ್ಟೆ. ಈಗ ನಾಲ್ಕು ತಿಂಗಳಿಗೊಮ್ಮೆ ಇದನ್ನು ನಾನೇ ಮಾಡಿ ಮೇಲೊಂದು ಪದರ ಸ್ಪ್ರೇ ಹಾಕುತ್ತೇನೆ.

ಒಟ್ಟು 5ರಲ್ಲಿ ಆ ಸ್ಟುಡಿಯೋದ ಪಾಲಿಷ್ ಕೆಲಸಕ್ಕೆ ನಾಲ್ಕೂವರೆ, ಕೋಟಿಂಗ್ ಹಚ್ಚಿದ ಬಗೆಗೆ ಮೂರು, ನಂತರದ ಸೇವೆಗೆ ಎರಡು ಅಂಕ ಕೊಡುತ್ತೇನೆ. ಕಡುಬಣ್ಣದ ಕಾರನ್ನು ಐದಾರು ವರ್ಷ ಇಟ್ಟುಕೊಳ್ಳುವವರು, ತಾವೇ ತೊಳೆಯುವವರು ಅಥವಾ ತೊಳೆಯುವವರಿಗೆ ಬೇರೆ ಬಟ್ಟೆಗಳನ್ನು ಕೊಟ್ಟು ಹೇಳಿಕೊಡಬಲ್ಲವರು ಕೋಟಿಂಗ್ ಮಾಡಿಸಿಕೊಳ್ಳಬಹುದು. ದಿನವೂ ಒಂದೇ ಬಕೆಟ್ಟಿನಲ್ಲಿ ಒರೆಸಿಕೊಳ್ಳುವ ವ್ಯವಸ್ಥೆಯನ್ನು ಬಿಡಲಾಗದವರು ಆ 24,000ವನ್ನು ಉಳಿಸಿಕೊಂಡು, 1,500ರ ಸ್ಪ್ರೇ ಮತ್ತು ಒಂದು ಡಜನ್ ಒಳ್ಳೆಯ ಬಟ್ಟೆ ಕೊಳ್ಳುವುದು ಲೇಸು. ಬಿಳಿ ಕಾರಿನವರಿಗೂ ನನ್ನ ಸಲಹೆ ಇದೇ.

ಕಳೆದ ತಿಂಗಳು ಪಾರ್ಕಿಂಗ್‌ನಲ್ಲಿ ಯಾರೋ ಹಿಂದಿನ ಬಂಪರಿಗೆ ತಗುಲಿಸಿಕೊಂಡು ಹೋದದ್ದರಿಂದ ಅದಕ್ಕೆ ಹೊಸ ಬಣ್ಣ ಹೊಡೆಸಿದ್ದೇನೆ. ಗ್ಯಾರೇಜಿನಲ್ಲಿ ಹೊಡೆದ ಬಣ್ಣದೊಳಗಿನ ದ್ರಾವಕ ಪೂರ್ತಿ ಆರಿ ಹೋಗುವವರೆಗೆ ಮೇಣವನ್ನಾಗಲಿ ಕೋಟಿಂಗನ್ನಾಗಲಿ ಹಚ್ಚಬಾರದು, ಕಡಿಮೆಯೆಂದರೂ 30 ದಿನ ಕಾಯಬೇಕು. ನಾನು 60 ದಿನ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಆ ಬಂಪರಿಗೆ ಬರಿ ಶಾಂಪೂ, ನೆರಳು ಮತ್ತು ಪ್ರತ್ಯೇಕವಾಗಿ ಎತ್ತಿಟ್ಟ ಎರಡು ಬಟ್ಟೆ. ಆಮೇಲೆ ಅದಕ್ಕೆ ಮಾತ್ರ, ಶೆಲ್ಫಿನಲ್ಲಿ ಇನ್ನೂ ಕಾಲುಭಾಗ ಉಳಿದಿರುವ ಆ ಹಳೆಯ ಡಬ್ಬಿಯ ಮೇಣವನ್ನೇ ಹಚ್ಚುವುದೆಂದು ನಿಶ್ಚಯಿಸಿದ್ದೇನೆ.